ಯೆಜ್ಡಿಯ ನಡುಕ

ಬುಲೆಟ್ಟಿನ ಊರಿನಲ್ಲಿ ಯೆಜ್ಡಿ ಇಟ್ಟುಕೊಂಡು ಬಾಳುವುದೆಂದರೆ ಅತ್ತೆಯ ಮನೆಯಲ್ಲಿ ಕುಳಿತು ತವರಿನ ಹಿರಿಮೆ ಹೇಳಿಕೊಂಡ ಹಾಗೆ. ಎದುರಿಗೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಗಾಡಿ ಒಮ್ಮೆ ಕೆಮ್ಮಿದರೆ ಸಾಕು, "ಅದು ನಿಮ್ಮ ಕಡೆಯದಲ್ಲವೇ, ಹಾಗೇ ಇರುತ್ತದೆ ಬಿಡಿ" ಎಂಬ ಮಾತು ಹಿಂದಿನಿಂದ ಬಂದೇ ಬರುತ್ತದೆ. ನಮ್ಮ ಚೆನ್ನೈಗೆ ಈ ಅಭಿಮಾನ ಇರತಕ್ಕದ್ದೇ. ಮದ್ರಾಸ್ ಮೋಟಾರ್ಸ್‌ನವರು 1955ರಲ್ಲಿ ಇಂಗ್ಲೆಂಡಿನ ರೆಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಂಪನಿಯೊಡನೆ ಕೂಡಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪಿಸಿದರು; ಊರಿನ ಉತ್ತರದ ತುದಿಯ ತಿರುವೊತ್ತಿಯೂರಿನಲ್ಲಿ ಬುಲೆಟ್ಟುಗಳನ್ನು ತಯಾರಿಸಿದರು. ಇಂಗ್ಲೆಂಡಿನ ಮೂಲ ಕಂಪನಿ ಮುಚ್ಚಿಹೋದ ಮೇಲೂ ಇಲ್ಲಿಯ ಸದ್ದು ನಿಲ್ಲಲಿಲ್ಲ.

ನಮ್ಮ ಮೈಸೂರಿಗೂ ಅಂಥದೊಂದು ಕಾಲವಿತ್ತು. 1960ರ ದಶಕದ ಆರಂಭದಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬಂತು. ಮೊದಲು ಜೆಕೊಸ್ಲೊವಾಕಿಯದ ಜಾವಾ ಹೆಸರಿನಲ್ಲಿ, 1970ರ ದಶಕದಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳು ಅಲ್ಲಿಂದ ದೇಶದ ಮೂಲೆಮೂಲೆಗೂ ಹೋದವು. ಒಂದೇ ಸಿಲಿಂಡರು, ಆದರೆ ಹೊಗೆಗೊಳವೆ ಎರಡು; ಒದ್ದು ಹೊರಡಿಸುವ ಕಿಕ್ಕರೇ ಮಡಚಿದರೆ ಗೇರಾಗುವ ಚಮತ್ಕಾರ; ಸಿಲಿಂಡರಿನ ಒಳಗಾತ್ರ 65 ಮಿಲಿಮೀಟರು, ಪಿಸ್ಟನ್ ಸಾಗುವ ದೂರ 75 ಮಿಲಿಮೀಟರು. ಆ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಮದರಾಸು ಚೆನ್ನೈ ಆದದ್ದೂ ಅದೇ ವರ್ಷ. ಹೀಗಾಗಿ ನಮ್ಮಂಥವರಿಗೆ ಒಂದೇ ವರ್ಷದಲ್ಲಿ ಬಿಟ್ಟು ಬಂದ ಊರಿನ ಒಂದು ಗುರುತು ಹೋಯಿತು, ಬಂದು ಸೇರಿದ ಊರಿನ ಹೆಸರು ಹೋಯಿತು. ಗಾಡಿ ಮಾತ್ರ ಉಳಿಯಿತು.

ನನ್ನ ಯೆಜ್ಡಿ 1984ರದು. ತಂದೆಯವರು ನಿವೃತ್ತರಾದಾಗ ಬಂದ ಹಣದಲ್ಲಿ ಕೊಂಡದ್ದು. 1986ರಲ್ಲಿ ನನಗೆ ಮದರಾಸಿನಲ್ಲಿ ಕೆಲಸವಾದಾಗ "ಪರಸ್ಥಳದಲ್ಲಿ ಕಾಲಿಗೆ ಆಧಾರವಿರಲಿ" ಎಂದು ಅವರೇ ಟ್ಯಾಂಕಿನ ಪೆಟ್ರೋಲು ಬಸಿದು, ಗೋಣಿತಾಟು ಸುತ್ತಿಸಿ, ರೈಲಿನ ಪಾರ್ಸಲಿಗೆ ಹಾಕಿಸಿದರು. ಅಂದಿನಿಂದ ಅದು ನಮ್ಮ ಅಯನಾವರದ ಮನೆಯ ಮುಂದಿನ ಬೇವಿನ ಮರದಡಿಯ ನಿವಾಸಿ. ನಮ್ಮ ಮನೆಯವಳು ಮದುವೆಯಾಗಿ ಬಂದ ಹೊಸದರಲ್ಲಿ ಮರೀನಾ ಕಡಲನ್ನು ಕಂಡದ್ದು ಅದರ ಹಿಂದಿನ ಸೀಟಿನಿಂದ. ಮಗನನ್ನು ಶಾಲೆಗೆ ಸೇರಿಸಲು ಕರೆದೊಯ್ದದ್ದೂ ಅದರ ಮೇಲೆಯೇ. ನನ್ನ ಕಣ್ಣು ಮಂಜಾಗತೊಡಗಿದ ಮೇಲೆ ಅದು ಮಗನ ಕೈಗೆ ಹೋಯಿತು. ಮಗ ಹಗಲಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಾನೆ. ಉಳಿದ ಹೊತ್ತಿನಲ್ಲಿ ಮೃದಂಗ ನುಡಿಸುತ್ತಾನೆ. ವಾರಕ್ಕೆ ಮೂರು ದಿನ ಮೈಲಾಪುರದಲ್ಲಿ ಪಾಠ.

ಎರಡು ವರ್ಷದ ಹಿಂದೆ ಗಾಡಿಗೆ ನಡುಕ ಹತ್ತಿತು.

ನಲವತ್ತು ದಾಟಿದ ಗಾಡಿ ನಡುಗುವುದರಲ್ಲಿ ಏನು ವಿಶೇಷ ಎಂದು ನೀವು ಕೇಳಬಹುದು. ಇದು ಅಂಥ ನಡುಕವಲ್ಲ. ನಿಧಾನವಾಗಿ ಹೋದರೆ ಇಲ್ಲ. ನಾಲ್ಕನೇ ಗೇರಿನಲ್ಲಿ 50 ಕಿಲೋಮೀಟರಿನ ವೇಗ ದಾಟುತ್ತಿದ್ದಂತೆ ಹ್ಯಾಂಡಲಿನಲ್ಲಿ, ಕಾಲಿಡುವ ಕಂಬಿಯಲ್ಲಿ, ಸೀಟಿನಲ್ಲಿ ಒಂದೇ ಸಮನೆ ಜೇನುಹುಳು ಹೊಕ್ಕ ಹಾಗೆ ಜುಮ್ಮೆನ್ನುತ್ತಿತ್ತು. ಇನ್ನೂ ವೇಗ ಹೆಚ್ಚಿಸಿದರೆ ತುಸು ಇಳಿಯುತ್ತಿತ್ತು. ಆದರೆ ಈ ಊರಿನ ದಟ್ಟಣೆಯಲ್ಲಿ ಅದಕ್ಕಿಂತ ಹೆಚ್ಚಿನ ವೇಗಕ್ಕೆ ಎಡೆಯೆಲ್ಲಿ? ಖಾಲಿ ರಸ್ತೆ ಸಿಕ್ಕಾಗಲೆಲ್ಲ ಗಾಡಿ ಸರಿಯಾಗಿ ಆ ನಡುಕದ ಜಾಗಕ್ಕೇ ಬಂದು ನಿಲ್ಲುತ್ತಿತ್ತು.

ಒಂದು ಸಂಜೆ ಮಗ ಪಾಠದಿಂದ ಬಂದವನು ಊಟದ ತಟ್ಟೆಯ ಮುಂದೆ ಬಲಗೈಯನ್ನು ಮುಚ್ಚಿ ತೆರೆದು ಮಾಡುತ್ತಿದ್ದ. ಏನಪ್ಪಾ ಎಂದೆ. "ಕಿರುಬೆರಳು, ಉಂಗುರದ ಬೆರಳು ಎರಡೂ ಮರಗಟ್ಟಿವೆ ಅಪ್ಪಾ. ಗಾಡಿ ಇಳಿದ ಮೇಲೆ ಅರ್ಧ ಗಂಟೆ ಹೀಗೇ. ಗುರುಗಳು ಇವತ್ತು ಗಮನಿಸಿದರು. ಬಲಗಡೆಯ ನಾದ ಮಂಕಾಗಿದೆ ಎಂದರು" ಎಂದ. ಮಾರ್ಗಳಿಗೆ ಆಗ ಐದು ತಿಂಗಳಿತ್ತು. ಅವನಿಗೆ ಮೊದಲ ಬಾರಿಗೆ ಒಂದು ಸಭೆಯಲ್ಲಿ ಮಧ್ಯಾಹ್ನದ ಕಛೇರಿಗೆ ಪಕ್ಕವಾದ್ಯದ ಅವಕಾಶ ಬಂದಿತ್ತು. ಚೆನ್ನೈಯಲ್ಲಿ ಆ ಅವಕಾಶಕ್ಕೆ ಎಷ್ಟು ವರ್ಷ ಕಾಯಬೇಕೆಂಬುದು ಇಲ್ಲಿಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ.

ವೈದ್ಯರಲ್ಲಿ ಹೋದೆವು. ಹಿಡಿಯನ್ನು ಒತ್ತಿ ಹಿಡಿದಿರುವಾಗ ನಡುಕವೂ ಸೇರಿದರೆ ಅಂಗೈಯೊಳಗೆ ಹಾಯ್ದುಹೋಗುವ ನರಕ್ಕೆ ತೊಂದರೆಯಾಗುತ್ತದೆ, ಈಗ ವಿಶ್ರಾಂತಿ ಕೊಟ್ಟರೆ ತಾನೇ ಸರಿಹೋಗುತ್ತದೆ, ವರ್ಷಗಟ್ಟಲೆ ಮುಂದುವರಿಸಿದರೆ ಹೇಳಲಾಗದು ಎಂದರು. ಇದು ಹೊಸ ವಿಷಯವೇನಲ್ಲ. 1918ರಲ್ಲಿಯೇ ಅಮೆರಿಕದ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್ ಎಂಬಲ್ಲಿ ಗಾಳಿಯಿಂದ ನಡೆಯುವ ಸುತ್ತಿಗೆ ಹಿಡಿದು ಸುಣ್ಣಕಲ್ಲು ಕೆತ್ತುವವರ ಕೈಗಳನ್ನು ಪರೀಕ್ಷಿಸಿ, ಅವರ ಬೆರಳುಗಳು ಬಿಳಿಚಿ ಮರಗಟ್ಟುವುದಕ್ಕೆ ಆ ಸುತ್ತಿಗೆಯ ನಡುಕವೇ ಕಾರಣವೆಂದು ತೋರಿಸಿದ್ದಳು. ಕಲ್ಲುಕುಟಿಗನ ಕೈ ಬೇರೆ, ಗಾಡಿ ಬಿಡುವವನ ಕೈ ಬೇರೆ, ನಿಜ. ಆದರೆ ಮೃದಂಗದವನಿಗೆ ಇರುವ ಆಸ್ತಿ ಹತ್ತು ಬೆರಳು.

ಮನೆಯವಳು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು: "ಮಾರಿಬಿಡಿ ಅಂದ್ರೆ. ಮಾವನವರು ಇದ್ದಿದ್ದರೆ ಅವರೂ ಇದನ್ನೇ ಹೇಳುತ್ತಿದ್ದರು." ಹಳೆಯ ಗಾಡಿಗಳನ್ನು ಸಂಗ್ರಹಿಸುವ ಬೆಂಗಳೂರಿನವರೊಬ್ಬರು ಆಗಲೇ ಎರಡು ಸಲ ವಿಚಾರಿಸಿದ್ದರು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಹೊಸ ಗಾಡಿಗಳ ಮೇಲೆ ಮರಳಿ ಬಂದ ಮೇಲೆ ಮೈಸೂರಿನ ಹಳೆಯ ಗಾಡಿಗಳಿಗೂ ಬೇಡಿಕೆ ಬಂದಿದೆಯಂತೆ. ಮಗ ಏನೂ ಹೇಳಲಿಲ್ಲ. ನಾನು ಒಂದು ತಿಂಗಳ ಗಡುವು ಕೇಳಿದೆ. ಅಷ್ಟರಲ್ಲಿ ನಡುಕದ ಮೂಲ ಸಿಕ್ಕಿದರೆ ಗಾಡಿ ಇರಲಿ, ಇಲ್ಲವಾದರೆ ಬೆಂಗಳೂರಿಗೆ ಹೋಗಲಿ ಎಂದು ಒಪ್ಪಂದವಾಯಿತು. ಆ ತಿಂಗಳು ಮಗ ಬಸ್ಸು ಹಿಡಿದು ಪಾಠಕ್ಕೆ ಹೋದ.

ಆ ಹೊತ್ತಿಗೆ ಎರಡು ವರ್ಕ್‌ಷಾಪುಗಳು ಮುಗಿದಿದ್ದವು. ಮೊದಲನೆಯವರು ಟೈರು ಉಬ್ಬಿದೆಯೆಂದು ಹೊಸ ಟೈರು ಹಾಕಿ, ಕಡ್ಡಿಗಳನ್ನು ಬಿಗಿದು, ಚಕ್ರ ನೇರ ಮಾಡಿದರು. ಚಕ್ರ ನೇರವಾಯಿತು, ನಡುಕ ಇದ್ದಲ್ಲೇ ಇತ್ತು. ಎರಡನೆಯವರು ಚೈನು, ಹಲ್ಲುಚಕ್ರ ಬದಲಾಯಿಸಿದರು. ಗಾಡಿ ಮೆತ್ತಗಾಯಿತು, ನಡುಕ ಇನ್ನೂ ಸ್ಪಷ್ಟವಾಗಿ ಕೇಳಿಸತೊಡಗಿತು. ಕೊನೆಗೆ ಅವರೇ, "ಇಂಜಿನ್ ಬಿಚ್ಚಬೇಕು ಸಾರ್, ಕ್ರ್ಯಾಂಕು ಹೋಗಿರಬೇಕು" ಎಂದರು. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದ ಗಾಡಿಯ ಹೊಟ್ಟೆ ಕೊಯ್ಯುವುದೆಂದರೆ ಮತ್ತೆ ಹೊಲಿಯಲು ದಾರ ಸಿಗುವುದೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಇಲ್ಲಿ ದಾರಿ ತೋರಿಸಿದ್ದು ಮೆಕ್ಯಾನಿಕ್ಕಲ್ಲ, ಮಗನ ಕಿವಿ. ಒಂದು ಭಾನುವಾರ ಬೆಳಕು ಹರಿಯುವ ಮುನ್ನ ಇಬ್ಬರೂ ಕಾಮರಾಜರ್ ಸಾಲೈಗೆ ಹೋದೆವು. ಬಲಗಡೆ ವಿಶ್ವವಿದ್ಯಾಲಯದ ಕಟ್ಟಡಗಳು, ಎಡಗಡೆ ಕಡಲು, ನಡುವೆ ಖಾಲಿ ರಸ್ತೆ. ಅವನು ಓಡಿಸಿದ, ನಾನು ಹಿಂದೆ ಕುಳಿತೆ. ನಾಲ್ಕನೇ ಗೇರಿನಲ್ಲಿ ನಡುಕ ಬಂದ ಕ್ಷಣ ಅವನು ಕ್ಲಚ್ಚು ಹಿಡಿದು ಆಕ್ಸಿಲರೇಟರು ಬಿಟ್ಟ. ಇಂಜಿನ್ನಿನ ಸದ್ದು ಕೆಳಗಿಳಿಯಿತು, ಗಾಡಿ ಮಾತ್ರ ಅದೇ ವೇಗದಲ್ಲಿ ಸಾಗಿತು. ನಡುಕ ಮಾಯ! ಮತ್ತೆ ಮೂರನೇ ಗೇರಿಗೆ ಹಾಕಿ ನಿಧಾನವಾಗಿ ಏರಿಸಿದ. 40ರ ಸುಮಾರಿಗೇ ನಡುಕ ಬಂತು. "ಅಪ್ಪಾ, ಶ್ರುತಿ ಒಂದೇ. ಮೂರರಲ್ಲೂ ಅದೇ ಸ್ವರ, ನಾಲ್ಕರಲ್ಲೂ ಅದೇ ಸ್ವರ" ಎಂದ.

ಈ ಒಂದು ಮಾತಿನಲ್ಲಿ ಅರ್ಧ ರೋಗನಿದಾನ ಮುಗಿಯಿತು. ಲೆಕ್ಕ ಸರಳವಾದದ್ದು. ಹಿಂದಿನ ಚಕ್ರದ ಸುತ್ತಳತೆ ಹತ್ತಿರ ಹತ್ತಿರ 2 ಮೀಟರು. ಗಂಟೆಗೆ 54 ಕಿಲೋಮೀಟರೆಂದರೆ ಸೆಕೆಂಡಿಗೆ 15 ಮೀಟರು. ಅಂದರೆ ಚಕ್ರ ಸೆಕೆಂಡಿಗೆ ಏಳೆಂಟು ಸುತ್ತು ಸುತ್ತುತ್ತದೆ. ಚಕ್ರದ ದೋಷವಾದರೆ ಏಳೆಂಟು ಸಲ ದಡದಡ ಎನ್ನಬೇಕು. ಗೇರು ಯಾವುದೇ ಇರಲಿ, ಕ್ಲಚ್ಚು ಹಿಡಿದರೂ ಬಿಟ್ಟರೂ, ಅದೇ ವೇಗಕ್ಕೆ ಬರಬೇಕು. ಇಂಜಿನ್ನಾದರೋ ನಿಮಿಷಕ್ಕೆ 3,000 ಸುತ್ತೆಂದು ಹಿಡಿದರೂ ಸೆಕೆಂಡಿಗೆ 50 ಸುತ್ತಾಯಿತು. ಜೇನುಹುಳುವಿನ ಜುಮ್ಮೆನ್ನುವಿಕೆ ಅಂಥ ವೇಗದ್ದು. ಗಾಡಿಯ ವೇಗವನ್ನು ಬಿಟ್ಟು ಇಂಜಿನ್ನಿನ ವೇಗವನ್ನು ಹಿಡಿದುಕೊಂಡು ಬರುವ ನಡುಕಕ್ಕೆ ಟೈರು, ಕಡ್ಡಿ, ಚೈನು ಯಾವುದೂ ಹೊಣೆಯಲ್ಲ.

ಹಾಗಾದರೆ ಇಂಜಿನ್ ಬಿಚ್ಚಲೇಬೇಕೇ? ಈ ಪ್ರಶ್ನೆ ಹೊತ್ತುಕೊಂಡು ಪುದುಪೇಟೆಗೆ ಹೋದೆ. ಎಗ್ಮೋರಿನ ಬಳಿ, ಕೂವಂ ನದಿಯ ಪಕ್ಕದ ಆ ಪೇಟೆಯನ್ನು ನೋಡದವರು ಒಮ್ಮೆ ನೋಡಬೇಕು. ಬಿಚ್ಚಿದ ಗಾಡಿಗಳ ಅಂಗಾಂಗಗಳು ಅಂಗಡಿಗಳ ಮುಂದೆ ತೋರಣದಂತೆ ತೂಗುತ್ತಿರುತ್ತವೆ. ಅಲ್ಲಿಯ ಒಂದು ಓಣಿಯಲ್ಲಿ ಎಪ್ಪತ್ತರ ಸಮೀಪದ ಮೇಸ್ತ್ರಿಯೊಬ್ಬರಿದ್ದಾರೆಂದು ಸಂಘದ ಮಿತ್ರರೊಬ್ಬರು ತಿಳಿಸಿದ್ದರು. ಗಾಡಿಯನ್ನು ನೋಡುತ್ತಲೇ ಅವರು ಬೀಡಿ ಆರಿಸಿ, "ನಮ್ಮ ಊರು ವಂಡಿ ಇಲ್ಲೆ ಸಾರ್, ಆನಾ ನಲ್ಲ ವಂಡಿ" ಎಂದರು. ನಮ್ಮೂರಿನದಲ್ಲ, ಆದರೂ ಒಳ್ಳೆಯ ಗಾಡಿ! ಬುಲೆಟ್ಟಿನ ಊರಿನಲ್ಲಿ ಇಷ್ಟು ದೊಡ್ಡ ಬಿರುದು ಯೆಜ್ಡಿಗೆ ಇನ್ನೆಲ್ಲಿ ಸಿಗಬೇಕು?

ಮಗನ ಪರೀಕ್ಷೆಯ ಸಂಗತಿಯನ್ನು ಅವರು ತಲೆದೂಗಿ ಕೇಳಿದರು. ಆಮೇಲೆ ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಇಂಜಿನ್ ಹೊರಡಿಸಿ, ಒಂದು ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಅದರ ತುದಿಯನ್ನು ಇಂಜಿನ್ನಿನ ಅಲ್ಲಲ್ಲಿ ಇಟ್ಟು ಆಲಿಸಿದರು. ವೈದ್ಯರ ಸ್ಟೆತಾಸ್ಕೋಪಿನ ಕೆಲಸವೇ. ಕ್ರ್ಯಾಂಕಿನ ಬೇರಿಂಗು ಸವೆದಿದ್ದರೆ ಗೊರಗೊರ ಸದ್ದಿರುತ್ತದೆ, ಪಿಸ್ಟನ್ನಿನ ಕೆಳಗಿನ ಕೊಂಡಿ ಸಡಿಲವಾಗಿದ್ದರೆ ಟಕಟಕ ಎನ್ನುತ್ತದೆ, ಎರಡೂ ಇಲ್ಲ ಎಂದರು. "ಹೊಟ್ಟೆ ಕೊಯ್ಯುವ ಮುಂಚೆ ಕೈಕಾಲು ನೋಡೋಣ" ಎಂದು ನೆಲಕ್ಕೆ ಗೋಣಿ ಹಾಸಿ ಮಲಗಿದರು.

ಇಂಜಿನ್ನನ್ನು ಚೌಕಟ್ಟಿಗೆ ಹಿಡಿದಿಡುವ ಬೋಲ್ಟುಗಳಿಗೆ ಒಂದೊಂದಾಗಿ ಸ್ಪ್ಯಾನರ್ ಹಾಕಿದರು. ಎಲ್ಲವೂ ಬಿಗಿ. ಹಿಂದಿನ ಇಬ್ಬರೂ ಇದನ್ನೇ ಮಾಡಿ ಇದನ್ನೇ ಹೇಳಿದ್ದರು. ಮೇಸ್ತ್ರಿ ಅಲ್ಲಿಗೆ ಬಿಡಲಿಲ್ಲ. ಒಂದು ಬಟ್ಟೆಯಿಂದ ಕೆಸರು ಒರೆಸಿ, ಟಾರ್ಚು ಹಿಡಿದು, ಹಿಂಬದಿಯ ಕೆಳಗಿನ ಬೋಲ್ಟಿನ ಸುತ್ತ ಬೆರಳಾಡಿಸಿ, ಬೆರಳನ್ನು ನನ್ನ ಮುಂದೆ ಹಿಡಿದರು. ಕುಂಕುಮಕ್ಕೆ ಕಾಡಿಗೆ ಬೆರೆಸಿದ ಹಾಗೆ ಕೆಂಪುಗಪ್ಪು ಪುಡಿ. "ತುಕ್ಕಲ್ಲವೇ?" ಎಂದೆ. ಮಳೆಗೆ ಹಿಡಿದ ತುಕ್ಕು ಹೀಗೆ ಗಂಧದ ಹಾಗೆ ನುಣುಪಾಗಿರುವುದಿಲ್ಲವಂತೆ. ಎರಡು ಲೋಹಗಳು ಒಂದಕ್ಕೊಂದು ತಾಗಿಕೊಂಡು ಕಣ್ಣಿಗೆ ಕಾಣದಷ್ಟು ಅತ್ತಿತ್ತ ಉಜ್ಜಾಡಿದಾಗ ಮಾತ್ರ ಇಂಥ ಪುಡಿ ಉದುರುತ್ತದೆ. ಕಬ್ಬಿಣದ ಪುಡಿ ಕೆಂಪು, ಅಲ್ಯೂಮಿನಿಯಮ್ಮಿನ ಪುಡಿ ಕಪ್ಪು. ಅಂದರೆ ಚೌಕಟ್ಟಿನ ಕಬ್ಬಿಣವೂ ಇಂಜಿನ್ನಿನ ಅಲ್ಯೂಮಿನಿಯಮ್ಮೂ ಅಲ್ಲಿ ಒಂದನ್ನೊಂದು ತಿನ್ನುತ್ತಿದ್ದವು.

ಮತ್ತೆ ಇಂಜಿನ್ ಏರಿಸಿ, "ಇಂಗೇ ಕೈ ವೈಯುಂಗ ಸಾರ್" ಎಂದರು. ಒಂದು ಬೆರಳು ಚೌಕಟ್ಟಿಗೂ ಇಂಜಿನ್ನಿಗೂ ಒಟ್ಟಿಗೆ ತಾಗುವಂತೆ ಇಟ್ಟೆ. ಮುಂದಿನ ಬೋಲ್ಟಿನ ಬಳಿ ಎರಡೂ ಒಂದಾಗಿ ನಡುಗುತ್ತಿದ್ದವು. ಹಿಂದಿನದರ ಬಳಿ ಅದು ಬೇರೆ, ಇದು ಬೇರೆ.

ಬಿಗಿಯಾದ ಬೋಲ್ಟು ಸಡಿಲವಾಗಿರುವುದು ಹೇಗೆ? ಬಿಚ್ಚಿ ನೋಡಿದಾಗ ತಿಳಿಯಿತು. ಎಂದೋ ಯಾವುದೋ ವರ್ಕ್‌ಷಾಪಿನಲ್ಲಿ ಇಂಜಿನ್ ಇಳಿಸಿ ಏರಿಸುವಾಗ ಮೂಲ ಬೋಲ್ಟು ಕಳೆದು, ಕೈಗೆ ಸಿಕ್ಕ ಇನ್ನೊಂದನ್ನು ಹಾಕಿದ್ದರು. ಅದು ತೂತಿಗಿಂತ ತುಸು ತೆಳ್ಳಗೆ, ಅಳತೆಗಿಂತ ತುಸು ಉದ್ದ. ನಟ್ಟು ತಿರುಗುತ್ತಾ ಹೋಗಿ ಚೌಕಟ್ಟನ್ನು ಅಮುಕುವ ಮೊದಲೇ ಮರೆ ಮುಗಿದುಹೋಗಿ ಅಲ್ಲಿಯೇ ನಿಂತಿತ್ತು. ಸ್ಪ್ಯಾನರಿಗೆ ಅದು ಬಿಗಿ. ಇಂಜಿನ್ನಿಗೆ ಅದು ಇಲ್ಲವೇ ಇಲ್ಲ. ವರ್ಷಗಟ್ಟಲೆ ಕುಣಿದ ಬೋಲ್ಟು ಚೌಕಟ್ಟಿನ ತೂತನ್ನು ಮೊಟ್ಟೆಯಾಕಾರಕ್ಕೆ ತಿಂದುಹಾಕಿತ್ತು.

ಬೋಲ್ಟೆಂದರೆ ಅಡ್ಡ ನಿಂತು ತಡೆಯುವ ಮೊಳೆಯೆಂದು ನಾವು ತಿಳಿದಿರುತ್ತೇವೆ. ಹಾಗಲ್ಲ. ನಟ್ಟನ್ನು ಬಿಗಿದಾಗ ಬೋಲ್ಟು ಕೂದಲೆಳೆಯಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತಿರುತ್ತದೆ. ಆ ಎಳೆತವೇ ಎರಡು ಲೋಹಗಳನ್ನು ಒತ್ತಿಹಿಡಿದು ಒಂದು ಮಾಡುವುದು. ಮಗನಿಗೆ ಇದನ್ನು ವಿವರಿಸಿದಾಗ, "ಮೃದಂಗದ ಬಾರಿನ ಹಾಗೆ. ಬಾರು ಕಟ್ಟಿದ್ದರೆ ಸಾಲದು, ಎಳೆತ ಇರಬೇಕು. ಎಳೆತ ಇಲ್ಲದಿದ್ದರೆ ನಾದ ಎಲ್ಲಿಂದ" ಎಂದ.

ಆದರೆ ಒಂದು ಸಂದೇಹ ಉಳಿದಿತ್ತು: ಸಡಿಲವಾಗಿದ್ದರೆ ಎಲ್ಲ ವೇಗದಲ್ಲೂ ನಡುಗಬೇಕಲ್ಲ, ಒಂದೇ ಶ್ರುತಿಗೆ ಏಕೆ? ಒಂಟಿ ಸಿಲಿಂಡರಿನ ಇಂಜಿನ್ ಹುಟ್ಟಿನಿಂದಲೇ ನಡುಗುವ ಪ್ರಾಣಿ. ಸೆಕೆಂಡಿಗೆ 50 ಸುತ್ತಿನ ವೇಗದಲ್ಲಿ ಪಿಸ್ಟನ್ನು ಸೆಕೆಂಡಿಗೆ ನೂರು ಸಲ ನಿಂತು ನೂರು ಸಲ ಹೊರಡಬೇಕು. ಅದಕ್ಕೆ ಎದುರಾಗಿ ಕ್ರ್ಯಾಂಕಿನ ಮೇಲೆ ಸಮತೂಕದ ಭಾರ ಇಟ್ಟಿರುತ್ತಾರೆ. ಪೂರ್ತಿ ಭಾರ ಇಟ್ಟರೆ ಮೇಲೆ ಕೆಳಗೆ ಆಗುವ ನಡುಕ ನಿಂತು, ಹಿಂದೆ ಮುಂದೆ ಆಗುವ ನಡುಕ ಅಷ್ಟೇ ಜೋರಾಗಿ ಹುಟ್ಟುತ್ತದೆ. ಆದ್ದರಿಂದ ಪಿಸ್ಟನ್ನಿನ ತೂಕದ ಸುಮಾರು ಅರ್ಧಕ್ಕೆ ಮಾತ್ರ ಸಮತೂಕ ಕೊಟ್ಟು, ಉಳಿದ ನಡುಕವನ್ನು ಚೌಕಟ್ಟು ತಾಳಿಕೊಳ್ಳಲಿ ಎಂದು ಬಿಡುತ್ತಾರೆ. ಯೆಜ್ಡಿಯಾಗಲಿ ಹಳೆಯ ಬುಲೆಟ್ಟಾಗಲಿ ಈ ವಿಷಯದಲ್ಲಿ ಒಂದೇ ಗೋತ್ರ. 2020ರಲ್ಲಿ ಬಂದ ರಾಯಲ್ ಎನ್‌ಫೀಲ್ಡಿನ ಹೊಸ 350ರ ಇಂಜಿನ್ನಿನಲ್ಲಿ ಇದಕ್ಕೆಂದೇ ಎದುರು ತಿರುಗುವ ಸಮತೂಕದ ದಂಡವೊಂದನ್ನು ಸೇರಿಸಿದ್ದಾರೆ.

ಚೌಕಟ್ಟಿಗೂ ತನ್ನದೊಂದು ಸ್ವರವಿರುತ್ತದೆ. ಎಲ್ಲ ಬೋಲ್ಟುಗಳೂ ಹಿಡಿದಿದ್ದಾಗ ಅದು ಗಟ್ಟಿ, ಅದರ ಸ್ವರ ಮೇಲೆ. ಒಂದು ಕಡೆಯ ಹಿಡಿತ ತಪ್ಪಿದರೆ ಅದು ಮೆತ್ತಗಾಗಿ ಸ್ವರ ಕೆಳಗಿಳಿಯುತ್ತದೆ. ಹಾಗೆ ಇಳಿದ ಸ್ವರ ನಮ್ಮ ದಿನನಿತ್ಯದ ಓಡಾಟದ ಇಂಜಿನ್ ವೇಗಕ್ಕೆ ಬಂದು ಕೂಡಿಕೊಂಡಿತ್ತು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಒಂದು ಬೆರಳಿನಿಂದ ದೂಡಿದರೂ ಅದು ಜಂತಿಗೆ ತಾಗುವಂತೆ ಏರುವುದಿಲ್ಲವೇ, ಹಾಗೆ. ಆ ವೇಗ ದಾಟಿದರೆ ನಡುಕ ಇಳಿಯುತ್ತಿದ್ದುದೂ ಇದಕ್ಕೇ.

ದುರಸ್ತಿ ಎರಡು ದಿನದ ಕೆಲಸ. ತೂತಿಗೆ ವೆಲ್ಡಿಂಗ್ ತುಂಬಿಸಿ ಮತ್ತೆ ಸರಿಯಾದ ಅಳತೆಗೆ ಕೊರೆಸಿದರು. ಮೂಲ ಬೋಲ್ಟು ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿಗಳಲ್ಲಿಯೂ ಸಿಗಲಿಲ್ಲ; ಕೊನೆಗೆ ಪುದುಪೇಟೆಯ ಲೇತಿನವನೊಬ್ಬ ಒಳ್ಳೆಯ ಉಕ್ಕಿನಲ್ಲಿ ಅಳತೆಗೆ ಕಡೆದುಕೊಟ್ಟ. ಎಲ್ಲ ಸೇರಿದರೂ ಹಿಂದೆ ಹಾಕಿಸಿದ್ದ ಟೈರಿನ ಬೆಲೆಯಾಗಲಿಲ್ಲ. ಮೇಸ್ತ್ರಿ ಬೋಲ್ಟುಗಳನ್ನು ಅರ್ಧರ್ಧ ಬಿಗಿದು, ಇಂಜಿನ್ನನ್ನು ಕೂರಿಸಿ, ಆಮೇಲೆ ಒಂದೊಂದನ್ನೇ ಪೂರ್ತಿ ಬಿಗಿದರು. ನೂರು ಕಿಲೋಮೀಟರ್ ಓಡಿಸಿ ಮತ್ತೆ ತರಬೇಕು, ಹೊಸ ಬೋಲ್ಟು ಒಮ್ಮೆ ಒಗ್ಗಿಕೊಂಡ ಮೇಲೆ ಇನ್ನೊಮ್ಮೆ ಬಿಗಿಯಬೇಕು ಎಂದು ಕಟ್ಟಪ್ಪಣೆ ಮಾಡಿದರು. ಆ ಬೆಸುಗೆ ಮಾಡುವಾಗ ಚೌಕಟ್ಟಿನ ಆ ಮೂಲೆಯಲ್ಲಿ ಉಗುರಿನಷ್ಟುದ್ದದ ಬಿರುಕನ್ನೂ ತೋರಿಸಿದರು. ಇನ್ನೊಂದು ವರ್ಷ ಹಾಗೇ ಓಡಿಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಮನೆಯಲ್ಲಿ ನಾನು ಹೇಳಲಿಲ್ಲ. ಈ ಪತ್ರಿಕೆ ನಮ್ಮ ಮನೆಗೂ ಬರುವುದರಿಂದ ಇನ್ನು ಗೊತ್ತಾಗುತ್ತದೆ.

ನಡುಕ ಪೂರ್ತಿ ಹೋಯಿತೇ? ಇಲ್ಲ, ಹೋಗುವುದೂ ಇಲ್ಲ. ಒಂಟಿ ಸಿಲಿಂಡರಿಗೆ ಎಷ್ಟು ಸಹಜವೋ ಅಷ್ಟು ಉಳಿದಿದೆ. ಆ ಜೇನುಹುಳು ಮಾತ್ರ ಹಾರಿಹೋಯಿತು. ಮಗನ ಬೆರಳುಗಳಿಗೆ ಅಷ್ಟರಲ್ಲಿ ಸ್ಪರ್ಶ ಮರಳಿತ್ತು. ಮತ್ತೆ ಗಾಡಿ ಹತ್ತಿದ ಮೇಲೂ ಮರಗಟ್ಟಲಿಲ್ಲ. ಮಾರ್ಗಳಿಯ ಕಛೇರಿ ನಡೆಯಿತು. ಮಧ್ಯಾಹ್ನದ ಸಭೆ, ಎದುರಿಗೆ ಮೂವತ್ತು ನಲವತ್ತು ಜನ. ತನಿ ಮುಗಿದಾಗ ಗುರುಗಳು ಒಮ್ಮೆ ತಲೆಯಾಡಿಸಿದರು, ಅಷ್ಟು ಸಾಕಾಯಿತು. ಆ ದಿನ ಅವನು ಹೋದದ್ದು ಆಟೋದಲ್ಲಿ. ಕಛೇರಿಯ ದಿನ ಗಾಡಿ ಮುಟ್ಟಬಾರದೆಂಬುದು ಅಮ್ಮನ ಕಡೆಯಿಂದ ಬಂದ ಷರತ್ತು. ನಾವಿಬ್ಬರೂ ತುಟಿಪಿಟಕ್ಕೆನ್ನದೆ ಒಪ್ಪಿದೆವು. ಬೆಂಗಳೂರಿನವರಿಗೆ ಗಾಡಿ ಮಾರಾಟಕ್ಕಿಲ್ಲವೆಂದು ಮಗನೇ ತಿಳಿಸಿದ.

ನಮ್ಮಲ್ಲಿ ಹಳೆಯ ಗಾಡಿ ಇಟ್ಟುಕೊಂಡವರು ಇನ್ನೂ ಕೆಲವರಿದ್ದಾರೆ. ಅವರಿಗಾಗಿ ಎರಡು ಮಾತು. ನಡುಕ ಬಂದರೆ ಮೊದಲು ಖಾಲಿ ರಸ್ತೆಯಲ್ಲಿ ಆ ವೇಗಕ್ಕೆ ಹೋಗಿ ಕ್ಲಚ್ಚು ಹಿಡಿದು ನೋಡಿ. ಉಳಿದರೆ ಚಕ್ರದ ಕಡೆ ಹುಡುಕಿ. ಹೋದರೆ ಇಂಜಿನ್ನಿನ ಕಡೆ ಹುಡುಕಿ. ಇಂಜಿನ್ನಿನ ಕಡೆಯಾದರೆ, ಬಿಚ್ಚಿಸುವ ಮುಂಚೆ ಅದನ್ನು ಹಿಡಿದಿಟ್ಟಿರುವ ಪ್ರತಿಯೊಂದು ಬೋಲ್ಟಿನ ಸುತ್ತಲೂ ಕೆಂಪು ಪುಡಿ ಇದೆಯೇ ಎಂದು ಬೆರಳಾಡಿಸಿ ನೋಡಿ. ಸ್ಪ್ಯಾನರಿನ ಮಾತನ್ನೊಂದೇ ನಂಬಬೇಡಿ. ಲೇತಿನವನು ಕಡೆದ ಬೋಲ್ಟಿನ ಅಳತೆಯ ಚೀಟಿ ನನ್ನಲ್ಲಿದೆ. ಯೆಜ್ಡಿ ಇರುವವರು ಸಂಘದ ತಿಂಗಳ ಸಭೆಗೆ ಬಂದಾಗ ಕೇಳಿದರೆ ಸಂತೋಷದಿಂದ ಬರೆದುಕೊಡುತ್ತೇನೆ.